ದೋಸ್ತ್, ಡಬ್ಬಿಯ ಮೇಲೆ ಬಿಟ್ಟ ಖಾಲಿ ಜಾಗ

ದೋಸ್ತ್,

ಮೊನ್ನೆ ಫೋನಿನಲ್ಲಿ "ಬಿದರಿ ಕೆಲಸ ಹೆಂಗ ನಡದದ" ಅಂತ ನೀನು ಕೇಳಿದೆ. ನಾನು "ನಡೀತಿದೆ" ಅಂದು ಮಾತು ಬದಲಿಸಿದೆ. ನಿನಗೆ ಗೊತ್ತಾಯಿತು, ಆದರೂ ಕೆದಕಲಿಲ್ಲ. ಈಗ ಉತ್ತರ ಬರೆಯುತ್ತಿದ್ದೇನೆ, ಅದೂ ಎಲ್ಲರ ಮುಂದೆ. ನಮ್ಮ ಬೀದರಿನ ಓಣಿಯ ಹುಡುಗರೂ ಓದಲಿ.

ಸನ್ಮಾನದ ಸೀಸನ್ ಹೇಗಿರುತ್ತೆ ಅಂತ ನಿನಗೆ ಗೊತ್ತಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಕಪ್ಪು ಸತುವಿನ ಮೇಲೆ ಬೆಳ್ಳಿ ಕೂರಿಸಿದ ನಮ್ಮ ಬಿದರಿ ಮೆಮೆಂಟೊ. ಅದೇ ಹೂದಾನಿ, ಅದೇ ಆನೆ, ಅದೇ ತಟ್ಟೆ, ಅಂಚಿಗೆ ಅದೇ ಅಶರ್ಫಿ ಬೂಟಿ ಹೂವಿನ ಚಿತ್ತಾರ. ನಮ್ಮ ಬಿದರಿಗೆ 2006ರಲ್ಲೇ ಜಿಐ ಟ್ಯಾಗ್, ಅಂದರೆ ಈ ಊರಿನದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ. 2023ರಲ್ಲಿ ನಮ್ಮ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಸಾಹೇಬರಿಗೆ ಪದ್ಮಶ್ರೀ ಬಂದಾಗ ನಾವಿಬ್ಬರೂ ಫೋನಿನಲ್ಲಿ ಕೂಗಾಡಿದ್ದು ನೆನಪಿದೆಯಾ? ಆದರೆ ನನ್ನ ಕೈಗೆ ಬರುವ ಆರ್ಡರ್ ಬದಲಾಗಲಿಲ್ಲ. "ಹೋದ ಸಲ ಕೊಟ್ಟಿದ್ದೇ ಕೊಡಿ" ಅಂತಾರೆ. ಬೆಳ್ಳಿ ರೇಟು ಈ ಪರಿ ಏರಿದೆ. ಹೊಸದು ಮಾಡಿ ಮಾರಾಟ ಆಗದಿದ್ದರೆ ಆ ದುಡ್ಡು ಯಾರು ಕೊಡಬೇಕು?

ಹೀಗೆ ಮಾಡ್ತಾ ಮಾಡ್ತಾ ಒಂದು ದಿನ ಗೊತ್ತಾಯಿತು, ಉಳಿ ಹೊಡೆಯುತ್ತಿರುವುದು ಕೈ ಮಾತ್ರ, ನಾನು ಅಲ್ಲಿಲ್ಲ ಅಂತ. ಯಾವುದೋ ಯೋಚನೆಯಲ್ಲಿ ಇಡೀ ತಟ್ಟೆ ಮುಗಿಸಿದ್ದೆ. ಕೆಲಸದಲ್ಲಿ ಒಂದು ಕೊರತೆಯೂ ಇರಲಿಲ್ಲ. ಅದಕ್ಕೇ ಹೆದರಿಕೆ ಆಯಿತು. ಜಹೀರಾಬಾದಿನ ಕಡೆ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸ ಇದೆ ಅಂತ ಕೇಳಿ, ಹೋಗಿ ಮಾತಾಡಿಯೂ ಬಂದೆ. ಮನೆಯಲ್ಲಿ ಹೇಳಿಲ್ಲ. ಇದನ್ನು ಓದಿದ ಮೇಲೆ ಗೊತ್ತಾಗುತ್ತೆ, ಆಗಲಿ.

ಅಲ್ಲಿಂದ ವಾಪಸ್ ಬರುವಾಗ ಮಹಮೂದ್ ಗವಾನ್ ಮದರಸಾ ಹತ್ತಿರ ಇಳಿದೆ. 1472ರ ಕಟ್ಟಡ, ಬಹಮನಿ ಮಂತ್ರಿ ಗವಾನ್ ಕಟ್ಟಿಸಿದ್ದು. ಅದರ ಮುಂದಿನ ರಸ್ತೆಯಲ್ಲೇ ಸೈಕಲ್ ಕಲಿತವರು ನಾವು, ಆದರೂ ಯಾವತ್ತು ಸರಿಯಾಗಿ ನೋಡಿದ್ದೆವು? ಹಿಂದೆ ಸಿಡಿಮದ್ದು ಸಿಡಿದು ಮುಂಭಾಗದ ಒಂದು ಪಾಲು ಹೋಗಿದೆ, ಉಳಿದಿರುವುದು ಒಂದೇ ಮೀನಾರು. ಅದರ ಮೇಲೆ ಬಣ್ಣದ ಬಿಲ್ಲೆಗಳ ಅಂಕುಡೊಂಕು ಗೆರೆ ಇದೆಯಲ್ಲ, ಬಿಲ್ಲೆ ಇರುವ ಕಡೆ ಓಡುತ್ತದೆ, ಉದುರಿದ ಕಡೆ ನಿಲ್ಲುತ್ತದೆ, ಮತ್ತೆ ಮೇಲೆಲ್ಲೋ ಸಿಗುತ್ತದೆ. ನಡುವೆ ಹೋದದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

ಮರುದಿನ ಒಂದು ಸಣ್ಣ ಡಬ್ಬಿ ತಗೊಂಡೆ. ಮೈಲುತುತ್ತ ಸವರಿ ಕಪ್ಪು ಮಾಡಿ, ಸೂಜಿಯಿಂದ ಆ ಗೆರೆ ಬರೆದೆ. ಗವಾನರ ಕಾಲದಲ್ಲಿ ಇದ್ದಂತೆ ಅಲ್ಲ, ಈಗ ಇರುವ ಹಾಗೆ, ಉದುರಿದ್ದೆಲ್ಲ ಉದುರಿದ ಹಾಗೇ. ತಾರ್‌ಕಶಿ, ಅಂದರೆ ಬೆಳ್ಳಿ ತಂತಿ ಕೂರಿಸುವ ಕೆಲಸ, ಶುರು ಮಾಡಿದಾಗ ಕಷ್ಟ ಗೊತ್ತಾಯಿತು. ಗೆರೆ ನಿಲ್ಲುವ ಕಡೆ ಉಳಿಯೂ ನಿಲ್ಲಬೇಕು, ತಂತಿಯೂ ಕತ್ತರಿಸಬೇಕು. ಕೈ ಕೇಳಲೇ ಇಲ್ಲ, ಮುಂದಕ್ಕೇ ಎಳೆಯಿತು. ಖಾಲಿ ಜಾಗ ಕಂಡರೆ ತುಂಬು ಅಂತ ಕಲಿತ ಕೈ ಅದು. ಪ್ರತಿ ಸಲ ಹಿಡಿದು ನಿಲ್ಲಿಸಬೇಕಾಯಿತು. ಎಷ್ಟೋ ವರ್ಷದ ಮೇಲೆ ಸಂಜೆ ತಲೆ ದಣಿದಿತ್ತು ದೋಸ್ತ್, ಬರೀ ಬೆನ್ನಲ್ಲ.

ಅರದಿಂದ ಉಜ್ಜಿದ ಮೇಲಿನ ಹೊತ್ತು ನಿನಗೆ ನೆನಪಿರಬೇಕು. ಮೈಲುತುತ್ತದ ಕಪ್ಪು ಹೋಗಿ, ಸತುವೂ ಬೆಳ್ಳಿಯೂ ಒಂದೇ ಬೂದು ಬಣ್ಣ. ನಾವು ಮಾಡಿದ್ದು ನಮಗೇ ಕಾಣಿಸುವುದಿಲ್ಲ. ಆಮೇಲೆ ಬಿಸಿ ಮಾಡಿ, ನವಸಾಗರ ಬೆರೆಸಿದ ಬೀದರ್ ಕೋಟೆ ಮಣ್ಣಿನ ನೀರು ಸವರಿದೆ. ಡಬ್ಬಿ ಕಪ್ಪಾಯಿತು, ಬೆಳ್ಳಿ ಹಾಗೇ ಉಳಿಯಿತು.

ನಮ್ಮ ಉಸ್ತಾದರು ತಿರುಗಿಸಿ ತಿರುಗಿಸಿ ನೋಡಿ, "ಬೆಳ್ಳಿ ಸಾಲಲಿಲ್ಲೇನು?" ಅಂದರು. ಮೀನಾರಿನ ವಿಷಯ ಹೇಳಿದೆ. ಡಬ್ಬಿ ಕೆಳಗಿಟ್ಟು ಬೀಡಿ ಹಚ್ಚಿದರು. ಆಮೇಲೆ, "ಆ ಕಡೆ ಮಗ್ಗಲಾ ನೋಡೀಯೇನು? ಅಲ್ಲಿ ಇನ್ನಾ ಭಾಳ ಉದುರ್ಯಾವ" ಅಂದರು.

ಡಬ್ಬಿ ಇನ್ನೂ ಮಾರಾಟ ಆಗಿಲ್ಲ. ಆದರೆ ನನಗೆ ನಿದ್ದೆ ಕೆಡಿಸಿರುವುದು ಅದಲ್ಲ. ಯಾರೋ ಬಂದು, ಚೆನ್ನಾಗಿದೆ, ಇಂಥದ್ದೇ ನೂರು ಬೇಕು ಅಂದರೆ? ಇದೂ ಆ ತಟ್ಟೆಯ ಹಾಗೇ ಆಗುತ್ತೆ ಅಲ್ವಾ? ಕೆಲವು ರಾತ್ರಿ ಯಾರೂ ಕೊಳ್ಳದಿರಲಿ ಅಂತ ಅನ್ನಿಸುತ್ತೆ. ಮಗಳ ಫೀಸು ಕಟ್ಟಬೇಕಾದವನು ಹಾಗೆ ಅಂದುಕೊಳ್ಳಬಾರದು. ಆದರೂ ಅನ್ನಿಸುತ್ತೆ.

ಸಾಕು, ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ನಿನ್ನ ದನಿಯಲ್ಲೂ ಮೊನ್ನೆ ಇದೇ ಕೇಳಿಸಿತು, ಅದಕ್ಕೇ ಬರೆದೆ. ಹೈದರಾಬಾದಿನಿಂದ ಬರುವಾಗ ಸಣ್ಣ ಹಲ್ಲಿನ ಅರ ಎರಡು ತಗೊಂಡು ಬಾ, ಇಲ್ಲಿ ಒಳ್ಳೆಯದು ಸಿಗುತ್ತಿಲ್ಲ. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ ಮಾಡಿಸುತ್ತೇನೆ. ಟಂಟಂ ಚಾಚಾ ಈಗಲೂ ನಿನ್ನ ಕೇಳುತ್ತಾರೆ. 

ನಿನ್ನ
ಬಾಜು ಪೀಠದ ದೋಸ್ತ್