ಬಿದ್ದ ಮರಿಯನ್ನು ಎತ್ತಿಕೊಳ್ಳುವ ಮುಂಚೆ

ಮುಲುಂಡ್ ಗುಂಪಿನ ಎಲ್ಲರಿಗೂ ನಮಸ್ಕಾರ.

ನಿನ್ನೆ ಬಿ ವಿಂಗ್ ಕೆಳಗೆ ಸಿಕ್ಕ ಪಿಕಳಾರ (ಬುಲ್‌ಬುಲ್) ಹಕ್ಕಿಯ ಮರಿ ಉಳಿಯಲಿಲ್ಲ. ಬೆನ್ನುಮೂಳೆ ಮುರಿದಿತ್ತು. ನೋವಿಲ್ಲದೆ ಕಳಿಸಿಕೊಡೋಣ ಎಂದರು ಡಾಕ್ಟರು. ಒಪ್ಪಿದೆ. ಇನ್ನೂ ಎರಡು ದಿನ ಸುಮ್ನೆ ನರಳಿಸಲು ಮನಸ್ಸು ಬರಲಿಲ್ಲ.

ಪುಕ್ಕ ಬಂದು ನೆಲದಲ್ಲಿ ಕುಪ್ಪಳಿಸುವ ಮರಿ ಹೆಚ್ಚಾಗಿ ಅನಾಥ ಅಲ್ಲ, ಹಾರಲು ಕಲಿಯುತ್ತಿರುತ್ತದೆ. ದೂರ ನಿಂತು ಬೆಕ್ಕು ಬಾರದಂತೆ ಕಾಯಿರಿ. ಪುಕ್ಕವಿಲ್ಲದ ಮರಿಯನ್ನು ಗೂಡಿಗೇ ಇಡಿ. ನಾವು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು.

ದಯವಿಟ್ಟು ಹಾಲು ಕೊಡಬೇಡಿ, ಹಕ್ಕಿಗೆ ಅರಗುವುದಿಲ್ಲ. ಕೊಕ್ಕಿಗೆ ನೀರು ಬಿಟ್ಟರೆ ಉಸಿರಿನ ದಾರಿಗೆ ಹೋಗಬಹುದು. ಗಾಯವಾಗಿದ್ದರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಬೆಚ್ಚಗಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.