ಸಾಕ್ಷಿ ಹೇಳೋಕೆ ಇನ್ನೂ ಟೈಮ್ ಆಗಿಲ್ಲ ಕಣೋ

ಲೋ ಅಯ್ಯನವರೇ,

ಪಾದ್ರಿ ದೀಕ್ಷೆ ಆದವರನ್ನು 'ಲೋ' ಅನ್ನಬಾರದು, 'ಅಯ್ಯನವರೇ' ಅನ್ನಬೇಕು ಅಂತ ಅಮ್ಮ ಗದರಿದಳು. ಅದಕ್ಕೇ ಎರಡನ್ನೂ ಸೇರಿಸಿದ್ದೇನೆ. ವಾಟ್ಸಾಪ್‌ನಲ್ಲಿ ಬರೆದರೆ ನೀನು ಕೈ ಮುಗಿಯುವ ಎಮೋಜಿ ಹಾಕಿ ಸುಮ್ಮನಾಗುತ್ತೀಯ. ಊರೆಲ್ಲ ಓದುವ ಜಾಗದಲ್ಲಿ ಹಾಕಿದರೆ ಉತ್ತರ ಕೊಡಲೇಬೇಕು, ಅಲ್ವಾ? ಉಳಿದವರೂ ಓದಬಹುದು, ನಾಚಿಕೆ ಏನಿಲ್ಲ. ಇಡ್ಲಿ ಪ್ರಸಂಗ ಅಂದರೆ ಏನು ಅಂತ ಮಾತ್ರ ದಯವಿಟ್ಟು ಯಾರೂ ಕೇಳಬೇಡಿ.

ನಾನು ಮಂಡ್ಯದಲ್ಲೇ ಇದ್ದೇನೆ. ಮಂಗಳೂರಿನ ಬಲ್ಮಠದ ಗುಡ್ಡದ ಮೇಲಿನ ನಮ್ಮ ದೇವಶಾಸ್ತ್ರ ಕಾಲೇಜಿನಿಂದ ಇಳಿದು ಬಂದದ್ದಕ್ಕೆ ಸದ್ಯಕ್ಕೆ ಕಾಣುತ್ತಿರುವ ಲಾಭ ಒಂದೇ, ದಿನಾ ಮುದ್ದೆ. ಸಂಜೆ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್. ವಾರದಲ್ಲಿ ಕೆಲವು ದಿನ ಬೆಳಗಿನ ರೈಲು ಹತ್ತಿ ಮೈಸೂರಿಗೆ ಹೋಗುತ್ತೇನೆ. ಅಲ್ಲಿ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ಜೊತೆ ಕೂತು, ಕೇಳಿದವರಿಗೆ ಪ್ರಾರ್ಥನೆ ಮಾಡಿ ಬರುತ್ತೇನೆ. ಅದೂ ತರಬೇತಿಯೇ ಅನ್ನುತ್ತಾರೆ. ನನ್ನ ದೀಕ್ಷೆ ಮತ್ತೆ ಮುಂದಕ್ಕೆ ಹೋಯಿತು. ಯಾಕೆ, ಯಾರಿಂದ ಅನ್ನೋದೆಲ್ಲ ಇಲ್ಲಿ ಬೇಡ. ಭಾನುವಾರ ಆರಾಧನೆ ಮುಗಿದು ಹೊರಗೆ ಬಂದರೆ, ಚಪ್ಪಲಿ ಮೆಟ್ಟುವಷ್ಟರಲ್ಲಿ ಯಾರಾದರೂ ಹಿಡಿದುಕೊಳ್ಳುತ್ತಾರೆ. "ಏನಪ್ಪಾ, ಆಯ್ತಾ?" "ಎಲ್ಲ ದೇವರ ಸಮಯ" ಅಂದುಬಿಡುತ್ತೇನೆ. ಒಳ್ಳೆಯ ಉತ್ತರ. ಕೇಳಿದವರು ಮುಂದೆ ಏನೂ ಕೇಳುವ ಹಾಗಿಲ್ಲ.

ಆ ಉತ್ತರವನ್ನು ಒಬ್ಬ ಅಜ್ಜಿ ನನ್ನ ಕೈಯಿಂದ ಕಿತ್ತುಕೊಂಡಳು.

ಪಾಂಡವಪುರದ ಕಡೆಯವಳು. ಸೊಂಟದ ಮೂಳೆ ಮುರಿದು ಮಲಗಿದ್ದಳು. ದಿಂಬಿನ ಕೆಳಗೆ ಎಲೆಅಡಿಕೆ ಚೀಲ, ನರ್ಸಿನ ಕಣ್ಣಿಗೆ ಬೀಳದ ಹಾಗೆ ಸೆರಗಿನ ತುದಿ ಮುಚ್ಚಿತ್ತು. ನಮ್ಮ ಸಭೆಯವಳಲ್ಲ, ಯಾವ ಸಭೆಯವಳೂ ಅಲ್ಲ. "ನಿಮ್ ದ್ಯಾವ್ರಿಗೂ ಒಂದ್ಮಾತು ಹೇಳ್ಬುಡಪ್ಪ, ಯಾರ್ ಕೇಳುಸ್ಕತ್ತಾರೋ" ಅಂದಳು. ಪ್ರಾರ್ಥನೆ ಮಾಡಿದೆ. ಚೆನ್ನಾಗಿಯೇ ಮಾಡಿದೆ, ನನ್ನ ಗಂಟಲು ನಿನಗೆ ಗೊತ್ತಲ್ಲ. ಮುಗಿಸಿ ರೂಢಿಯಂತೆ, "ದೇವರ ಸಮಯಕ್ಕೆ ಎಲ್ಲ ಸರಿಹೋಗುತ್ತೆ ಅಜ್ಜಿ" ಅಂದೆ.

"ಅವ್ನಿಗೇನಪ್ಪ, ಬೇಕಾದಷ್ಟು ಟೇಮ್ ಐತೆ. ನಂಗೆಲ್ಲೈತೆ?"

ಸಿಟ್ಟೇನೂ ಇರಲಿಲ್ಲ. ಸೊಪ್ಪಿನ ರೇಟು ಹೇಳುವವಳ ಹಾಗೆ ಹೇಳಿದಳು. ಆಮೇಲೆ ನನ್ನ ಸಂಬಳ ಎಷ್ಟು ಅಂತ ವಿಚಾರಿಸಿದಳು. ಇನ್ನೂ ಇಲ್ಲ ಅಂದೆ. ಸೊಂಟದ ನೋವಿಗಿಂತ ಅದೇ ಜಾಸ್ತಿ ಬೇಜಾರಾಯಿತು ಅನ್ನಿಸುತ್ತದೆ. "ಇಷ್ಟೆಲ್ಲ ಓದ್ಸವ್ರೆ, ಪಾಪ" ಅಂದಳು. ಪಾಪ ಅಂದದ್ದು ನನಗೋ ಅಪ್ಪನಿಗೋ ತಿಳಿಯಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಏನು ಮಾಡುತ್ತಿದ್ದೆ ಹೇಳು? ಅಜ್ಜಿಯ ಮಾತನ್ನು ಚರ್ಚಿನಲ್ಲಿ ಮಾಡುವ ಪ್ರಸಂಗಕ್ಕೆ ಬೇಕಾಗುತ್ತೆ ಅಂತ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಮೂರು ಪಾಯಿಂಟ್ ರೆಡಿ. ಆಗ ಹೊಳೆಯಿತು, ನನ್ನ ಕಷ್ಟಕ್ಕೂ ನಾನು ಇದನ್ನೇ ಮಾಡುತ್ತಿದ್ದೇನೆ ಅಂತ. "ಆ ದಿನಗಳಲ್ಲಿ ಕರ್ತನು ನನ್ನನ್ನು ಹೇಗೆ ನಡೆಸಿದನೆಂದರೆ" ಅಂತ ಮುಂದೊಂದು ದಿನ ಸಭೆಯ ಮುಂದೆ ನಿಂತು ಹೇಳುವ ಸಾಕ್ಷಿ ಈಗಲೇ ಬರೆದು ಮುಗಿದಿದೆ. ಕೊನೆಯ ಪುಟ ದೇವರು ತುಂಬಿಸಬೇಕು, ಅಷ್ಟೇ. ನಾನು ಇಷ್ಟು ದಿನ ನಂಬಿಕೊಂಡಿದ್ದು ಅವನನ್ನೋ, ಆ ಸಾಕ್ಷಿಯನ್ನೋ?

ನಾವು ಕಲಿತದ್ದೇ ಹಾಗೆ ಕಣೋ. ಬೈಬಲಿನ ಯೋಸೇಫನಿಗೆ 17 ವರ್ಷವಾಗಿದ್ದಾಗ ಅಣ್ಣಂದಿರು ಮಾರಿದರು, 30ಕ್ಕೆ ಐಗುಪ್ತದ ರಾಜ ಫರೋಹನ ಮುಂದೆ ನಿಂತ. ಹದಿಮೂರು ವರ್ಷದ ಸಿದ್ಧತೆ ಅಂತ ನಾನೇ ಎಷ್ಟು ಸಲ ಪ್ರಸಂಗ ಮಾಡಿದ್ದೇನೆ. ಆ ಲೆಕ್ಕ ಯೋಸೇಫನಿಗೆ ಗೊತ್ತಿತ್ತಾ? ಆದಿಕಾಂಡ 40ರ ಕೊನೆಯ ವಚನದಲ್ಲಿ, ಅವನ ಜೊತೆ ಸೆರೆಯಲ್ಲಿದ್ದು ಬಿಡುಗಡೆಯಾದ ರಾಜನ ಪಾನದಾಯಕ ಅವನನ್ನು ಮರೆತುಬಿಡುತ್ತಾನೆ. 41 ಶುರುವಾಗುವುದೇ ಎರಡು ವರ್ಷ ಆದಮೇಲೆ. ನಾವು ಅಧ್ಯಾಯ ದಾಟಿದೆವು. ಅವನು ಅಷ್ಟೂ ದಿನ ಸೆರೆಮನೆಯ ಬಾಗಿಲು ಸದ್ದಾದಾಗಲೆಲ್ಲ ತಿರುಗಿ ನೋಡಿರಬೇಕು.

ಮಿಷನರಿ ವಿಲಿಯಂ ಕೇರಿಯದೂ ಹಾಗೇ. ನಮಗೆ ಡಿಗ್ರಿ ಕೊಡುವ ಸೆರಾಂಪುರ ಕಾಲೇಜಿನವನು ಅಂತ ಅವನ ಕಾಲದ ಇಸವಿಗಳನ್ನು ಉರು ಹೊಡೆದೆವು. ಬಂಗಾಳಕ್ಕೆ ಬಂದದ್ದು 1793, ಬಂಗಾಳಿಗಳಲ್ಲಿ ಮೊದಲ ದೀಕ್ಷಾಸ್ನಾನ ಕೃಷ್ಣ ಪಾಲನದು, 1800ರ ಡಿಸೆಂಬರ್. ಏಳು ವರ್ಷದ ತಾಳ್ಮೆ ಅಂತ ಬರೆದು ಮಾರ್ಕ್ಸ್ ತೆಗೆದುಕೊಂಡೆವು. ಆ ಏಳು ವರ್ಷದ ಒಳಗೇ, 1794ರಲ್ಲಿ, ಐದು ವರ್ಷದ ಮಗ ಪೀಟರ್ ತೀರಿಕೊಂಡ. ಹೆಂಡತಿ ಡೊರೊಥಿಯ ಮನಸ್ಸು ಕೆಟ್ಟಿತು, 1807ರಲ್ಲಿ ಸಾಯುವವರೆಗೂ ಸರಿಹೋಗಲಿಲ್ಲ. ಕರೆ ಬಂದದ್ದು ಗಂಡನಿಗೆ. ಮೊದಲು ಬರಲ್ಲ ಅಂದವಳನ್ನು ಒಪ್ಪಿಸಿ ಹಡಗು ಹತ್ತಿಸಿದ್ದರು. ಅವಳ ಸಾಕ್ಷಿ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರಲಿಲ್ಲ. ಇತ್ತೀಚೆಗೆ ಅವಳು ಜಾಸ್ತಿ ನೆನಪಾಗುತ್ತಾಳೆ. ಅಮ್ಮ ಹಳೆಯ ಎರಡು ಬಳೆ ಅಡವಿಟ್ಟಿದ್ದಾಳೆ, ಬಿಡಿಸಿದ್ದೇನೆ ಅಂತ ನನಗೆ ಸುಳ್ಳು ಹೇಳಿದ್ದಾಳೆ. ಕರೆ ಬಂದದ್ದು ನನಗೆ.

ಇಷ್ಟು ಬರೆದಮೇಲೆ ಇದನ್ನೂ ಬರೆದುಬಿಡುತ್ತೇನೆ. ನಿನ್ನ ದೀಕ್ಷೆಯ ಫೋಟೋ ಬಂತಲ್ಲ, ಬಿಳಿ ನಿಲುವಂಗಿ, ಪಕ್ಕದಲ್ಲಿ ನಿಮ್ಮಪ್ಪ ಅಳುತ್ತಾ ನಿಂತಿದ್ದರು. ಲೈಕ್ ಒತ್ತಿ ಫೋನ್ ಮಗುಚಿಟ್ಟೆ. ಆ ರಾತ್ರಿ ಪ್ರಾರ್ಥನೆ ಮಾಡಲಿಲ್ಲ. ಮಾರನೇ ದಿನವೂ ಇಲ್ಲ. ವಾರ್ಡಿನಲ್ಲಿ ಬೇರೆಯವರಿಗಾಗಿ ಬಾಯಿತುಂಬ ಪ್ರಾರ್ಥನೆ ಮಾಡಿ, ಮನೆಗೆ ಬಂದು ನನ್ನ ಮಂಚದ ಪಕ್ಕ ಒಂದು ಮಾತೂ ಆಡದೆ ಮಲಗಿದೆ. ಬ್ಯಾಂಕ್ ಪರೀಕ್ಷೆಯ ಪುಸ್ತಕವೂ ತಂದಿದ್ದೇನೆ, ಹೀಬ್ರೂ ವ್ಯಾಕರಣದ ಹಿಂದೆ ಇಟ್ಟಿದ್ದೇನೆ. ಅಲ್ಲಿಗೆ ಈ ಮನೆಯಲ್ಲಿ ಯಾರೂ ಕೈ ಹಾಕುವುದಿಲ್ಲ, ನನ್ನನ್ನೂ ಸೇರಿಸಿ.

ದೇವರನ್ನು ಬಿಟ್ಟೆ ಅಂತ ತಿಳಿಯಬೇಡ. ನೀನೀಗ ಕುರ್ಚಿ ಸರಿ ಮಾಡಿಕೊಂಡು ನನಗೆ ವಚನ ಕಳಿಸಲು ಹೊರಟಿರುತ್ತೀಯ, ನಿಲ್ಲಿಸು. ಈಚೆಗೆ ಬೈಬಲಿನ 88ನೇ ಕೀರ್ತನೆ ಓದುತ್ತಿದ್ದೇನೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರವೂ ಇಲ್ಲ. ಆದರೂ ಅಷ್ಟೂ ದೂರು ಅವನಿಗೇ ಹೇಳಿದ್ದು. ಹಾಗೆ ಮಾತಾಡಲು ನನಗೂ ಬರುತ್ತೆ ಅಂತ ಕಾಣುತ್ತದೆ. "ಆಮೆನ್" ತನಕ ಹೋಗುವುದಿಲ್ಲ, ನಡುವೆ ನಿದ್ದೆ ಬರುತ್ತದೆ. ಮಲಗಿದವನನ್ನು ಎಬ್ಬಿಸಿ ಯಾಕೆ ಮುಗಿಸಲಿಲ್ಲ ಅಂತ ಅವನು ಈವರೆಗೆ ಕೇಳಿಲ್ಲ.

ಅಯ್ಯೋ, ಇಲ್ಲೂ ಮೂರನೇ ಪಾಯಿಂಟ್ ಬಂತು ನೋಡು. ರೋಗ ವಾಸಿಯಾಗುವುದಿಲ್ಲ.

ಸರಿ, ಮುಖ್ಯ ವಿಷಯ. ಚರ್ಚಿನ ಸುಗ್ಗಿ ಹಬ್ಬದ ಹರಾಜು ಕೂಗಲು ಈ ಸಲವೂ ನನ್ನನ್ನೇ ಹಾಕಿದ್ದಾರೆ. ಅಭಿಷೇಕ ಇಲ್ಲದಿದ್ದರೂ ಗಂಟಲು ಇದೆಯಲ್ಲ. ಒಂದು ನಾಟಿ ಹುಂಜ, ಎರಡು ಗೊನೆ ಬಾಳೆ, ಯಾರೋ ಮಾಡಿದ ಕೇಕ್ ಈಗಲೇ ಲಿಸ್ಟಿನಲ್ಲಿವೆ. ನೀನು ಫೋನಿನಲ್ಲೇ ಕೂಗಬಹುದು. ಆದರೆ ಹೋದ ಸಲದ ಕುಂಬಳಕಾಯಿಯ ದುಡ್ಡು ನಿನ್ನಿಂದ ಇನ್ನೂ ಬಂದಿಲ್ಲ ಅಂತ ಖಜಾಂಚಿ ಅಣ್ಣ ಮೊನ್ನೆ ಎಲ್ಲರ ಮುಂದೆ ಓದಿದರು. ಹೆಸರಿನ ಹಿಂದೆ ರೆವರೆಂಡ್ ಅಂತಲೂ ಸೇರಿಸಿಯೇ ಓದಿದರು.

ನಿನ್ನ,
ಮೂರನೇ ಬೆಂಚಿನ ಬಿಷಪ್