ಕಡಿಮೆಯಾದದ್ದು ಕರೆಂಟ್ ಅಲ್ಲ, ವೋಲ್ಟೇಜ್

ಮಾನ್ಯರೇ,

‘ಅಧಿಕ ವಿದ್ಯುತ್ ಹರಿದು ಟಿ.ವಿ., ಫ್ರಿಜ್ ಸುಟ್ಟವು’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ‘ಕರೆಂಟ್ ಜಾಸ್ತಿ ಬಂತು’ ಎಂಬ ಜನರ ಮಾತಿಗೇ ಇಲ್ಲಿ ಗ್ರಾಂಥಿಕ ಅಂಗಿ ತೊಡಿಸಿದೆ. ತಪ್ಪು ಹಾಗೇ ಉಳಿದಿದೆ.

ಕರೆಂಟ್ ಅಂದರೆ ಹರಿವು. ಲ್ಯಾಟಿನ್ನಿನಲ್ಲಿ ‘ಓಡು’ ಎಂಬ ಅರ್ಥದ ಧಾತು ಅದರ ಮೂಲ. ಇಂಗ್ಲಿಷಿನಲ್ಲಿ ಹೊಳೆಯ ಸೆಳವಿಗೂ ಇದೇ ಮಾತು. ಸದ್ಯ ನಡೆದಿರುವುದು ಎಂಬ ಅರ್ಥದಲ್ಲಿ ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಬಾಯಿಪಾಠ ಮಾಡುವ ಕರೆಂಟ್ ಅಫೇರ್ಸೂ ಇದೇ. ನಮ್ಮಲ್ಲಿ ಮಾತ್ರ ಕಂಬದಿಂದ ಇಳಿದದ್ದೆಲ್ಲ ಕರೆಂಟ್: ‘ಕರೆಂಟ್ ಹೋತು’, ‘ಕರೆಂಟ್ ಹೊಡೀತು’, ‘ಕರೆಂಟ್ ಬಿಲ್ ಬಂತು’. ಬಿಲ್ಲು ಬರುವುದು ಯೂನಿಟ್ಟಿಗೆ, ಅಂದರೆ ಸಾವಿರ ವ್ಯಾಟಿನ ಹೀಟರ್ ಒಂದು ತಾಸು ಉರಿದ ಲೆಕ್ಕಕ್ಕೆ. ಇರಲಿ, ಹಾಗಂದರೆ ಯಾರಿಗೂ ನಷ್ಟವಿಲ್ಲ. ನಷ್ಟ ಇರುವುದು ‘ಕರೆಂಟ್ ಕಡಿಮಿ ಐತಿ’ ಎಂಬ ಮಾತಿನಲ್ಲಿ.

ಅಲ್ಲಿ ಕಡಿಮೆಯಾಗಿರುವುದು ವೋಲ್ಟೇಜ್, ಅಂದರೆ ಹಿಂದಿನಿಂದ ದೂಡುವ ಒತ್ತಡ. ಆಗ ಮೋಟಾರು ಎಳೆಯುವ ಕರೆಂಟ್ ಏರುತ್ತದೆ. 5 ಎಚ್‌ಪಿ ಥ್ರೀ ಫೇಸ್ ಮೋಟಾರು 415 ವೋಲ್ಟಿನಲ್ಲಿ ಸುಮಾರು 7ರಿಂದ 8 ಆಂಪಿಯರ್ (ಕರೆಂಟಿನ ಅಳತೆ) ತಗೊಳ್ಳುತ್ತದೆ. ಎಲ್ಲರ ಪಂಪ್‌ಸೆಟ್ಟೂ ಒಮ್ಮೆಲೇ ಚಾಲೂ ಆಗಿ, ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಭಾರ ಬಿದ್ದು ವೋಲ್ಟೇಜ್ 320ಕ್ಕೆ ಇಳಿಯಿತೆನ್ನಿ, ಅಷ್ಟೇ ನೀರೆತ್ತಲು ಸುಮಾರು 10 ಆಂಪಿಯರ್ ಬೇಕು. ಕರೆಂಟ್ ಕಾಲುಭಾಗ ಏರಿದರೆ ವೈಂಡಿಂಗಿನ, ಅಂದರೆ ಮೋಟಾರಿನೊಳಗೆ ಸುತ್ತಿದ ತಂತಿಯ, ಕಾವು ಒಂದೂವರೆ ಪಟ್ಟು. ಕರೆಂಟ್ ಮಿತಿ ಮೀರಿದರೆ ಮೋಟಾರು ನಿಲ್ಲಿಸುವ ಸ್ಟಾರ್ಟರಿನ ರಿಲೇ ಬೀಳುವುದು ಇದಕ್ಕೇ. ಪದೇ ಪದೇ ಬೀಳುತ್ತದೆಂದು ಅದರ ಆಂಪಿಯರ್ ತಿರುಗಿಸಿ ಹೆಚ್ಚಿಗೆ ಇಟ್ಟರೆ, ಇಲ್ಲವೇ ಕಡ್ಡಿ ಸಿಗಿಸಿ ಒತ್ತಿ ಹಿಡಿದರೆ, ಸುಡುವುದು ಮೋಟಾರೇ. ‘ಕರೆಂಟ್ ಕಡಿಮಿ ಇತ್ತು, ಹ್ಯಾಂಗ್ ಸುಟ್ಟೀತು?’ ಎಂಬ ಪ್ರಶ್ನೆ ಹುಟ್ಟುವುದೂ ಆ ಪದದಿಂದಲೇ.

ಇನ್ನು ಟಿ.ವಿ. ಸುಡುವ ಸಂಗತಿ. ಅದು ಎಷ್ಟೋ ಸಲ ನ್ಯೂಟ್ರಲ್ ತಂತಿ, ಅಂದರೆ ಮೂರೂ ಫೇಸಿನ ಮನೆಗಳಿಗೆ ಒಂದೇ ಆಗಿರುವ ವಾಪಸು ತಂತಿ, ತುಂಡಾದ ಫಲ. 230 ವೋಲ್ಟ್ ಇರಬೇಕಾದ ಒಂದು ಮನೆಗೆ 300 ದಾಟುತ್ತದೆ, ಇನ್ನೊಂದು ಫೇಸಿನಲ್ಲಿರುವ ಬಾಜೂ ಮನೆಗೆ 150 ಸಿಗುವುದೂ ಉಂಟು. ಗುರುತು ಸರಳ: ಇವರ ಮನೆಯ ಬಲ್ಬು ಕಣ್ಣು ಕುಕ್ಕುವಷ್ಟು ಉರಿಯುತ್ತದೆ, ಅದೇ ಹೊತ್ತಿಗೆ ಬಾಜೂ ಮನೆಯದು ಮಿಣುಕುತ್ತದೆ. ಫ್ಯಾನು ಕೂಗತೊಡಗಿದರೆ ಪ್ಲಗ್ ಒಂದೊಂದೇ ಕೀಳುತ್ತ ನಿಲ್ಲಬಾರದು, ಮೊದಲು ಮೇನ್ ಆರಿಸಬೇಕು.

ವಿದ್ಯುತ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ ‘ಕರೆಂಟ್ ಪ್ರಾಬ್ಲಮ್’ ಅಂದರೆ ಆ ಕಡೆಯವರಿಗೆ ಏನೂ ತಿಳಿಯದು. ಬಿಲ್ಲಿನಲ್ಲಿರುವ ಆರ್.ಆರ್. ನಂಬರ್ ಹೇಳಿ, ಪೂರ್ತಿ ಹೋಗಿದೆಯೋ, ಒಂದೇ ಫೇಸ್ ಹೋಗಿದೆಯೋ, ವೋಲ್ಟೇಜ್ ಏರಿದೆಯೋ ಇಳಿದಿದೆಯೋ, ತಮ್ಮ ಮನೆಗಷ್ಟೇ ಹೀಗೋ ಓಣಿಗೆಲ್ಲವೋ ತಿಳಿಸಿದರೆ ಲೈನ್‌ಮನ್ ಏನು ಹುಡುಕಬೇಕೆಂದು ತಿಳಿದೇ ಹೊರಡುತ್ತಾನೆ.

ತಮ್ಮ ವರದಿಗಾರರೂ ‘ವೋಲ್ಟೇಜ್ ಏರಿ’ ಎಂದೇ ಬರೆಯಲಿ. ನ್ಯೂಟ್ರಲ್ ಕಡಿದಿತ್ತೇ ಎಂದು ಕೇಳಿ ಹಾಕಿದರೆ ಇನ್ನೂ ಒಳ್ಳೆಯದು.

– ಮೋಟಾರ್ ವೈಂಡಿಂಗ್ ಕಸುಬಿನವರು, ಗದಗ